ಹಿಂದಕ್ಕೆ ಹತ್ತು ಹೆಜ್ಜೆ

ಹೊಸದುರ್ಗ, ೧೧ ಫೆಬ್ರವರಿ ೧೯೦೯, ಗುರುವಾರ

...ಹೊರಡುವಾಗ ‘ಹಿಮ್ಮೆಟ್ಟೋ ಕುದುರೆ ಮನೆಗಾಗಲ್ಲ’ ಎಂದನೋ, ‘ಮನೆತನಕ್ಕಾಗಲ್ಲ’ ಎಂದನೋ, ಈಗ ಸರಿಯಾಗಿ ನೆನಪಿಲ್ಲ. ಕೊಬ್ಬರಿ ವ್ಯಾಪಾರಿ ತಿಪ್ಪೇರುದ್ರಪ್ಪನ ಅಜ್ಞಾನವೂ ಅವನ ರುಮಾಲಿನಷ್ಟೇ ದೊಡ್ಡದು.

ಹಿಂಗಾಲಿನಲ್ಲಿ ಬಲವಿಲ್ಲವೆಂದು ದೀಪಾವಳಿ ಕಳೆದ ಮೇಲೆ ಅವನೇ ತನ್ನ ಹೆಣ್ಣುಕುದುರೆಯನ್ನು ಸರಿಪಡಿಸಿಕೊಡಿ ಎಂದು ನನ್ನ ಲಾಯದಲ್ಲಿ ಬಿಟ್ಟುಹೋಗಿದ್ದ. ನಮ್ಮ ಲಾಯದ ಪಾಲಣ್ಣ ಮೂರು ತಿಂಗಳು ಅದನ್ನು ಹಳ್ಳದ ಮರಳಿನಲ್ಲಿ ನಡೆಸಿದ, ಸಾಲಾಗಿ ಇಟ್ಟ ಬಿದಿರಿನ ಕೋಲುಗಳನ್ನು ದಾಟಿಸಿದ, ಹಿಂಗಾಲು ಬಲಿಯಲೆಂದು ದಿನವೂ ಹತ್ತು ಹೆಜ್ಜೆ ಹಿಂದಕ್ಕೆ ನಡೆಸಿದ.

ಇಂದು ತಿಪ್ಪೇರುದ್ರಪ್ಪ ಬೀಗರೊಂದಿಗೆ ಬಂದ. ಮಗನ ಮದುವೆ ಮೆರವಣಿಗೆಗೆ ಕುದುರೆ ಬೇಕಂತೆ. ಕಾಲು ಎಷ್ಟು ಸುಧಾರಿಸಿದೆ ಎಂದು ತೋರಿಸಲು ನಾನೇ ಹಿಂದಕ್ಕೆ ನಡೆಸಿದೆ.

“ಏನ್ರಿ ಇದು! ಮದುಮಗನ್ನ ಕೂರಿಸ್ಕಂಡು ಹಿಂದಕ್ಕೆ ಹೋದ್ರೆ ಮನೆ ಉಳಿತೈತಾ?” ಎಂದ ತಿಪ್ಪೇರುದ್ರಪ್ಪ.

“ಹಿಂಗೆ ನಡೆದೇ ಕಾಲು ಗಟ್ಟಿಯಾಗಿರೋದು. ಇನ್ನೊಂದು ತಿಂಗ್ಳು ಬಿಡ್ರಿ.”

“ಬಿಟ್ರೆ ಕುದುರೇನ ಏಡಿ ಮಾಡ್ತೀರಿ. ಬಿಚ್ಚಿ ಕೊಡ್ರಿ!”

ಬೀಗರು ನಕ್ಕರು.

ಇನ್ನು ಅದಕ್ಕೆ ನಡಿಗೆಯಿಲ್ಲ. ಕಟ್ಟಿಹಾಕಿ, ಹುರುಳಿ ಬೆಲ್ಲ ತಿನ್ನಿಸಿ, ಮೈ ಮಿರುಗಿಸುತ್ತಾನೆ. ಮುಂದಿನ ವಾರ ಮಗನನ್ನೂ ಜರಿಯ ಹೊದಿಕೆಯನ್ನೂ ಹೊರಿಸಿ, ಹಿಂಗಾಲು ಕುಸಿದರೆ ಅಪಶಕುನ ಎನ್ನುತ್ತಾನೆ.

ಇಂಥವರ ಜೊತೆ ವಾದಿಸುವುದು ನನ್ನ ಘನತೆಗೆ ತಕ್ಕದ್ದಲ್ಲ ಎಂದುಕೊಂಡೆ. ಘನತೆ! ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟವನು ನಾನೇ. ಬಾಗಿಲಲ್ಲಿ ಕುದುರೆ ನಿಂತಿತು. ಅಭ್ಯಾಸಬಲದಿಂದಲೋ ಏನೋ, ಎರಡು ಹೆಜ್ಜೆ ಹಿಂದಕ್ಕೆ, ನನ್ನ ಕಡೆಗೆ ಬಂತು. ನಾನು ಬೇರೆಲ್ಲೋ ನೋಡಿದೆ.

ಹರಿಯಬ್ಬೆ ಊರಿಗೆ ಹೋಗಿರುವ ಪಾಲಣ್ಣ ನಾಳೆ ಬರುತ್ತಾನೆ. ಖಾಲಿ ಗೂಟ ನೋಡುತ್ತಾನೆ. ಪಾಲಣ್ಣ, ನೀನಿದ್ದಿದ್ದರೆ ಹಗ್ಗ ಬಿಡುತ್ತಿದ್ದೆಯಾ?