ಸೋನಾಲಿಯ ಮೊದಲ ಗಾಡಿ

ದುಧನಿ
ಮಂಗಳವಾರ, ೧೧ ಫೆಬ್ರವರಿ ೨೦೨೫

ಗೊಲ್ಲಾಳಪ್ಪ ಕಾಕಾನ ಮಾತು ಬೆಳಗಿನಿಂದ ಕೊರೆಯುತ್ತಿತ್ತು. ತರಬೇತಿ ಮುಗಿಸಿದ ನನ್ನ ಹೆಂಡತಿ ಸೋನಾಲಿ ಇಂದು ಮೊದಲ ಸಲ ಗೂಡ್ಸ್ ರೈಲಿನ ಸಹಾಯಕ ಚಾಲಕಿಯಾಗಿ ಸೋಲಾಪುರದಿಂದ ಹೊರಡುವವಳಿದ್ದಳು. ರಾತ್ರಿ ಗಾಡಿ ಮುಟ್ಟುವ ವಾಡಿ ಜಂಕ್ಷನ್‌ನಲ್ಲೇ ವಸತಿ. ಕಾಕಾ ಚಹಾ ಕುಡಿಯುತ್ತ ಅಂದ, “ಶಿವಶರಣ, ಹೇಂತಿ ರಾತ್ರಿ ಹೊರಗ ಉಳಿಯೂದು ನಮ್ಮ ಮನಿತನಕ್ಕ ಶೋಭಾ ಕೊಡಂಗಿಲ್ಲ.”

ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. “ನಾ ಮದಿವ್ಯಾಗಿ ಬಂದ ವರ್ಷನ ಕುರಿ ಹಿಂದ ಹೋಗಿ ಅಡವ್ಯಾಗ ಮಲಗೀನಿ. ಆಗ ಎಲ್ಲಿ ಹೋಗಿತ್ತೋ ಗೊಲ್ಲಾಳಪ್ಪ ನಿನ್ನ ಮನಿತನ? ಈಕಿಗಿ ಮಲಗಾಕ ಖೋಲಿಯರ ಐತಿ.”

ಕಾಕಾ ಎದ್ದು ಹೋದ. ಅವನ ಮಾತು ಮಾತ್ರ ಸಂಜೆಯವರೆಗೂ ನನ್ನಲ್ಲಿ ಉಳಿಯಿತು.

ಸಂಜೆ ಅವ್ವನೇ ಹಟ ಮಾಡಿ ನನ್ನನ್ನು ಸ್ಟೇಶನ್‌ಗೆ ಎಳೆದೊಯ್ದಳು. ಆ ಗಾಡಿ ಇಲ್ಲಿ ನಿಲ್ಲುವುದಿಲ್ಲ. ನೆಲ ನಡುಗಿಸುತ್ತ ಬಂತು. ಎಂಜಿನ್ನಿನ ಕಿಟಕಿಯಲ್ಲಿ ಸೋನಾಲಿ, ಕೈಯಲ್ಲಿ ಹಸಿರು ಬಾವುಟ. ಅರೆಕ್ಷಣ ಅಷ್ಟೇ.

“ನೋಡಿದೇನ? ನನಗ ನಿಶಾನಿ ತೋರ್ಸಿದ್ಲು!” ಗಾಡಿ ದಾಟಿ ಹೋದರೂ ಅವ್ವ ಎತ್ತಿದ ಕೈ ಇಳಿಸಲಿಲ್ಲ. ಸ್ಟೇಶನ್ ಮಾಸ್ತರಿಗೆ ಬಾವುಟ ತೋರಿಸುವುದು ನಿಯಮ. ನಾನೂ ಕೈ ಬೀಸಿದೆ.

ಈಗಷ್ಟೇ ಸೋನಾಲಿ ವಾಡಿಯಿಂದ ಫೋನ್ ಮಾಡಿದ್ದಳು. “ಊಟ ಆತೇನ್ರಿ?” ಆಯಿತು ಅಂದೆ. ರೊಟ್ಟಿ ನಾನೇ ಬಡಿದಿದ್ದೆ, ಅಂಚೆಲ್ಲ ಒಡೆದಿದ್ದವು, ಆದರೂ ಅವ್ವ ಎರಡು ತಿಂದಳು. ಅದನ್ನು ಕೇಳಿ ಸೋನಾಲಿ ಬಹಳ ಹೊತ್ತು ನಕ್ಕಳು. ಮನೆ ಖಾಲಿ ಅನಿಸುತ್ತಿದೆ, ನಿಜ. ಆದರೂ ಇಂದು ಮನಸ್ಸು ತುಂಬಿದೆ.

ನಿದ್ದೆಗೆ ಕಣ್ಣು ಎಳೆಯುತ್ತಿದೆ. ನಾಳೆ ಬರುತ್ತಾಳೆ. ಬದನೆಕಾಯಿ ತಂದಿಟ್ಟಿದ್ದೇನೆ, ಎಣ್ಣೆಗಾಯಿ ಹೇಗೆ ಮಾಡುವುದೆಂದು ಬೆಳಿಗ್ಗೆ ಅವ್ವನನ್ನು…