ದೋಣಿಯಿಂದ ಬೀಳದವರೇ ಚಹಾ ಕೊಡಬೇಕು

ಸರೋವರದ ದಂಡೆಯಿಂದ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟೀ,

ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಿಮ್ಮಪ್ಪನ ವಿಷಯವೇ ಬರುತ್ತಿತ್ತು. ಬಾಣಂತಿಗೆ ಯಾಕೆ ಆ ಚಿಂತೆ ಎಂದು ಪೆನ್ನು ಮುಚ್ಚಿಡುತ್ತಿದ್ದೆ. ಇವತ್ತು ಅವರ ವಿಷಯ ಬರೆಯಲಿಕ್ಕೆಂದೇ ಕೂತಿದ್ದೇನೆ. ಮಗುವನ್ನು ಕೆಳಗೆ ಮಲಗಿಸಿ ಓದು, ನಕ್ಕು ನಕ್ಕು ಕೈಜಾರೀತು.

ಕಣ್ಣು ಮಂಜಾಗಿ ಬಸ್ಸಿನ ಸ್ಟೇರಿಂಗ್ ಬಿಟ್ಟ ಮೇಲೆ ಅವರು ಕಿಟಕಿ ಪಕ್ಕದ ಕುರ್ಚಿ ಹಿಡಿದದ್ದು ನಿನಗೆ ಗೊತ್ತೇ ಇದೆ. ಊಟಕ್ಕೆ ಕರೆದರೆ ಏಳುವುದು, ಮತ್ತೆ ಹೋಗಿ ಅಲ್ಲೇ ಕೂರುವುದು. ರಸ್ತೆಯಲ್ಲಿ ಯಾವುದಾದರೂ ಬಸ್ಸು ಗೇರು ಬದಲಿಸಿದರೆ, ತಡ ಮಾಡಿದ ಎಂದು ಗೊಣಗುವುದು ಬಿಟ್ಟರೆ ಬೇರೆ ಮಾತಿಲ್ಲ. ಹೀಗೇ ಬಿಟ್ಟರೆ ಮನುಷ್ಯ ನನ್ನ ಕೈತಪ್ಪಿ ಹೋಗುತ್ತಾರೆ ಅನಿಸಿ ನಿಜವಾಗಿ ಹೆದರಿಕೆಯಾಯಿತು. ಅವರ ಜೊತೆಗಿದ್ದ ಹಳೆಯ ಕಂಡಕ್ಟರ್ ಈ ಊರಿನ ಬಗ್ಗೆ ಹೇಳಿದ್ದೇ ತಡ, ಇವರನ್ನು ಒಂದು ಮಾತೂ ಕೇಳದೆ ಹೊರಡಿಸಿಕೊಂಡು ಬಂದೆ.

ಊರೆಂದರೆ ಒಂದೇ ಬೀದಿ. ಒಂದು ತುದಿಗೆ ಸರೋವರ, ಇನ್ನೊಂದು ತುದಿಗೆ ಬೆಟ್ಟದಿಂದ ಬೊಬ್ಬೆ ಹೊಡೆಯುತ್ತ ಇಳಿದು ಸರೋವರ ಸೇರುವ ನದಿ. ಜನ ಬಾಗಿಲ ಬಳಿ ಕೊಡೆ ಒರಗಿಸಿಟ್ಟ ಹಾಗೆ ಹುಟ್ಟುಗಳನ್ನು ಒರಗಿಸಿಟ್ಟಿರುತ್ತಾರೆ. ತಂತಿಯ ಮೇಲೆ ಬಟ್ಟೆಗಿಂತ ಲೈಫ್ ಜಾಕೆಟ್‌ಗಳೇ ಹೆಚ್ಚು. ನಮ್ಮ ಕೋಣೆಯಲ್ಲಿ ಕನ್ನಡಿ ಇಲ್ಲ, ಆದರೆ ಒದ್ದೆ ಬಟ್ಟೆ ನೇತುಹಾಕಲು ಗೋಡೆ ತುಂಬ ಮೊಳೆಗಳಿವೆ.

ಆ ನದಿಯಲ್ಲಿ ಜನರನ್ನು ಕೂರಿಸಿಕೊಂಡು ರಾಫ್ಟ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿ, ನಡೆಸುವವಳು ಒಬ್ಬ ಹುಡುಗಿ. ಊರೆಲ್ಲ ಅವಳನ್ನು ಬಾತುಕೋಳಿ ಅನ್ನುತ್ತದೆ. ಅವಳು ನಡೆಯುವುದನ್ನು ನೋಡಿದರೆ ಯಾಕೆಂದು ಕೇಳಬೇಕಾಗಿಲ್ಲ. ಇವರ ಕಣ್ಣಿನ ವಿಷಯ ಮೊದಲೇ ಅವಳ ಕಿವಿಗೆ ಹಾಕಿದ್ದೆ. ಮಧ್ಯದಲ್ಲಿ ಕೂರಿ ಅಂದಳು. ತಾನು ಜನ್ಮದಲ್ಲೇ ಹಿಂದಿನ ಸೀಟಿನಲ್ಲಿ ಕೂತವನಲ್ಲ ಎಂದು ಇವರು ಹಟ ಹಿಡಿದರು. ತಾನು ಕೂಗಿದ್ದು ಕೇಳಿಸುತ್ತದಾ ಎಂದು ಅವಳು ಕೇಳಿದ್ದಕ್ಕೆ, "ಕಣ್ಣು ಹಳೇದು ಕಣಮ್ಮಾ, ಕಿವಿ ಇನ್ನೂ ಹೊಸದು" ಅಂದರು. ಎಷ್ಟು ತಿಂಗಳಾಗಿತ್ತು ಪುಟ್ಟೀ, ಅವರ ಬಾಯಿಂದ ಇಂಥದೊಂದು ಮಾತು ಕೇಳಿ. ಅವಳು ಮುಂದಿನ ಜಾಗವನ್ನೇ ಕೊಟ್ಟಳು.

ನಮ್ಮ ಜೊತೆ ಹೊಸದಾಗಿ ಮದುವೆಯಾದ ಒಂದು ಜೋಡಿ ಇತ್ತು. ದೋಣಿಯ ಉಬ್ಬಿದ ಅಂಚಿನ ಕೆಳಗೆ ಪಾದ ತೂರಿಸಿಕೊಂಡೇ ಇರಬೇಕು, ಏನೇ ಆದರೂ ತೆಗೆಯಬಾರದು ಎಂದು ಬಾತುಕೋಳಿ ನೂರು ಸಲ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದೆವು. ಮೊದಲ ದೊಡ್ಡ ಅಲೆ ಬಾಯಿ ತೆರೆದುಕೊಂಡು ಬಂದಾಗ ಎಲ್ಲರೂ ಮರೆತೆವು. ನಿಮ್ಮಪ್ಪನಿಗೂ ನೆನಪಿರಲಿಲ್ಲವಂತೆ. ಅವರು ಮಾಡಿದ್ದು ಇಷ್ಟೇ: ಹಳೆಯ ಅಭ್ಯಾಸದಂತೆ ಬಲಗಾಲಿನಲ್ಲಿ ಬಲವಾಗಿ ಬ್ರೇಕ್ ಒತ್ತಿದರು.

ದೋಣಿ ಬಂಡೆಗೆ ಬಡಿದು, ಗೋಡೆಯ ಹಾಗೆ ನಿಂತು, ದೊಪ್ಪೆಂದು ಮತ್ತೆ ನೀರಿಗೆ ಬಿತ್ತು. ನಾನು, ಆ ಗಂಡ ಹೆಂಡತಿ, ಬಾತುಕೋಳಿ ಕೂಡ ನೀರಿನಲ್ಲಿ. ಬ್ರೇಕ್ ಒತ್ತಿದ ಕಾಲು ಅಂಚಿನ ಕೆಳಗೆ ಭದ್ರವಾಗಿ ಸಿಕ್ಕಿಕೊಂಡಿದ್ದರಿಂದ ಇವರೊಬ್ಬರೇ ದೋಣಿಯಲ್ಲಿ ರಾಜನ ಹಾಗೆ ಕೂತಿದ್ದಾರೆ. ನನಗೆ ಮೂಗು ಬಾಯಿ ಎಲ್ಲ ನೀರು, ಜೀವ ಹೋಗಿ ಬಂದಂತಾಗಿತ್ತು. ಅಷ್ಟರಲ್ಲಿ ಅವರ ದನಿ ಕೇಳಿಸಿತು:

"ಸ್ಟಾಪ್ ಬರೋಕ್ ಮುಂಚೆ ಯಾರ್ರೀ ಇಳಿದಿದ್ದು?"

ನೀರಿನೊಳಗೇ ನಕ್ಕು ಇನ್ನೆರಡು ಗುಟುಕು ನೀರು ಕುಡಿದೆ. ಬಾತುಕೋಳಿ ದೋಣಿಯ ಹಗ್ಗ ಹಿಡಿದುಕೊಂಡು ಎಡಕ್ಕೆ, ಬಲಕ್ಕೆ ಎಂದು ಕೂಗುತ್ತಿದ್ದಳು. ಇವರು ಆ ಕಡೆಗೆ ಹುಟ್ಟಿನ ಹಿಡಿ ಚಾಚಿ, ಜಾಕೆಟ್ಟಿನ ಪಟ್ಟಿಗೆ ಕೈಹಾಕಿ, ಒಬ್ಬೊಬ್ಬರನ್ನೇ ಮೇಲೆಳೆದು ಹಾಕಿಕೊಂಡರು. ನನ್ನನ್ನು ಎಳೆದಾಗ ಮಾತ್ರ "ಇದು ಲಗೇಜು" ಅಂದರು. ಇರಲಿ, ಮನೆಗೆ ಹೋದ ಮೇಲೆ ವಿಚಾರಿಸಿಕೊಳ್ಳುತ್ತೇನೆ.

ದಂಡೆಯ ಚಹಾದಂಗಡಿಯಲ್ಲಿ ಒಂದು ನಿಯಮವಿದೆ. ದೋಣಿಯಿಂದ ಬೀಳದೆ ಉಳಿದವರು ಬಿದ್ದವರಿಗೆಲ್ಲ ತಮ್ಮ ಕೈಯಾರೆ ಚಹಾ ಕೊಡಬೇಕು. ಅಂಗಡಿಯವರು ಇವರ ಕೈಗೆ ಕೆಟಲ್ ಕೊಟ್ಟೇಬಿಟ್ಟರು. ಕುದಿಯುವ ಚಹಾ, ಇಕ್ಕಟ್ಟಾದ ಮೇಜುಗಳು. ನಾನು ತಡೆಯಲಾರದೆ ಎದ್ದೆ. ಬಾತುಕೋಳಿ ನನ್ನ ಕೈ ಹಿಡಿದು ಕೂರಿಸಿದಳು. "ಕೂತ್ಕೊಳ್ಳಿ ಅಮ್ಮಾ. ಇದು ಅವರ ಕೆಲಸ."

ಮೇಜಿನ ಅಂಚು ಸವರಿಕೊಂಡು, ಲೋಟದ ಬಾಯಿಗೆ ಬೆರಳಿಟ್ಟು, ಅವರು ಎಲ್ಲರಿಗೂ ಚಹಾ ಸುರಿದುಕೊಟ್ಟರು. ಮದುಮಗನ ತೊಡೆಗೆ ಸ್ವಲ್ಪ ಚೆಲ್ಲಿದಾಗ, ಒದ್ದೆಯಾದವನಿಗೆ ಇನ್ನೇನು ಒದ್ದೆ ಎಂದು ಅವನಿಗೇ ಬುದ್ಧಿ ಹೇಳಿದರು. ಅಂಗಡಿಯೆಲ್ಲ ನಕ್ಕಿತು. ಆಮೇಲೆ ಜೇಬಿನಲ್ಲಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ ನೀನು ಕಳಿಸಿದ ಮಗುವಿನ ಫೋಟೋ ತೆಗೆದು ಎಲ್ಲರ ಮುಂದೆ ಹಿಡಿದು, "ನನ್ನ ಮೊಮ್ಮಗಳು. ಥೇಟ್ ಅವರಮ್ಮನ ಮೂಗು" ಎಂದು ಬೀಗಿದರು. ಬಾತುಕೋಳಿ ಕತ್ತು ವಾಲಿಸಿ ನೋಡಿ, ಹೌದು ಅಜ್ಜಾ, ಚೂಟಿ ಮಗು ಅಂದಳು.

ಈಗ ಹೊರಗೆ ನಿಂತು ನನ್ನನ್ನು ಕೂಗುತ್ತಿದ್ದಾರೆ. ನಾಳೆ ಮತ್ತೆ ದೋಣಿ ಹತ್ತಬೇಕಂತೆ, ನನ್ನನ್ನು ಹಿಂದೆ ಕೂರಿಸುತ್ತಾರಂತೆ. ಕುರ್ಚಿಯಲ್ಲಿ ಕಳೆದುಹೋಗಿದ್ದ ನನ್ನ ಗಂಡ ಸಿಕ್ಕಿದ್ದಾರೆ ಪುಟ್ಟೀ, ನನಗೆ ಇನ್ನೇನು ಬೇಕು? ನೀನು ಹೊತ್ತುಹೊತ್ತಿಗೆ ಊಟ ಮಾಡು. ಅಳಿಯಂದಿರಿಗೂ ನಿನಗೂ ನಮ್ಮಿಬ್ಬರ ಆಶೀರ್ವಾದ. ಮಗುವಿನ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ಹೊಟ್ಟೆ ತಣ್ಣಗಿರಲಿ ಕಂದಾ.

ನಿನ್ನ,
ಅಮ್ಮ (ಲಗೇಜು)

ಮರೆತಿದ್ದೆ: ಫೋಟೋ ತೋರಿಸಿದರು ಅಂದೆನಲ್ಲ, ಅದನ್ನು ಅವರು ತಲೆಕೆಳಗಾಗಿ ಹಿಡಿದಿದ್ದರು. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕಣ್ಣು ಅಷ್ಟು ಹೋಗಿದೆಯೆಂದು ನನಗೇ ಗೊತ್ತಿರಲಿಲ್ಲ. ಮಗುವಿಗೆ ವರ್ಷ ತುಂಬಿದ ಮೇಲೆ ಬರುತ್ತೇನೆ ಎಂದು ಬರೆದಿದ್ದೀಯ. ಅಷ್ಟು ದಿನ ಕಾಯಬೇಡ. ಒಳ್ಳೆಯ ಬಿಸಿಲಿನಲ್ಲಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದರೆ ಅವರಿಗೆ ಇನ್ನೂ ಒಂದಿಷ್ಟು ಕಾಣುತ್ತದೆ. ಅವಳನ್ನು ಕರೆದುಕೊಂಡು ಬೇಗ ಬಾ.