ಸೋಮವಾರದ ಮಾತ್ರೆ

ಶೆಟ್ಟಿಕೊಪ್ಪ
10-11-2008, ಸೋಮವಾರ

ತಂಗಿ ವನಜಳಿಗೆ ಅಕ್ಕನ ಆಶೀರ್ವಾದಗಳು.

ಇವತ್ತು ಕಾರ್ತಿಕದ ಎರಡನೇ ಸೋಮವಾರ, ಉಪವಾಸ. ಕೊಟ್ಟಿಗೆ ಬಾಚಿ, ಹಾಲು ಕರೆದು, ಲಿಂಗಪೂಜೆ ಮುಗಿಸಿ ಬರೆಯಲು ಕೂತಿದ್ದೇನೆ. ನಾಲ್ಕು ತಿಂಗಳು ಕಾಗದ ಹಾಕಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಹೇಳುವ ಧೈರ್ಯ ಬರಲಿಲ್ಲ.

ನೀನೂ ನಾನೂ ನುಂಗುವ ಎಚ್‌ಐವಿ ಮಾತ್ರೆಯನ್ನು ನಾನು ಸೋಮವಾರ ಬಿಡುತ್ತಿದ್ದೆ, ಉಪವಾಸ ಕೆಡುತ್ತದೆಂದು. ಬಳೆ ಮಾರುವ ಬೀಬಿ ಜಾನ್‌ಗೆ ಅದು ಗೊತ್ತಾಯಿತು. "ಕಾಯಿಲೆ ಇದ್ದೋರಿಗೆ ನಮ್ಮ ರಂಜಾನ್ ರೋಜಾದಲ್ಲೇ ಮಾಫಿ ಇದೆ. ನಿಮ್ಮ ಶಿವ ಅಷ್ಟೊಂದು ಬಿಗೀನಾ ಅಕ್ಕ?" ಎಂದು ನಕ್ಕಳು. ನಕ್ಕವಳೇ ನನ್ನನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ, "ನೀವು ಉಪವಾಸ ಅಂತ ಕಾಯಿಲೆನೂ ಉಪವಾಸ ಇರತ್ತೇನಮ್ಮ?" ಎಂದು ಗದರಿದರು. ಮೈಯ ಶಕ್ತಿ ಕುಂದಿದೆ, ಈ ಸೋಂಕಿರುವ ಹೆಂಗಸರಿಗೆ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಬರುವುದು ಹೆಚ್ಚು, ಈಗಲೇ ನೋಡಿಬಿಡೋಣ ಎಂದರು. ನನಗೋ ನೋವಿಲ್ಲ, ಸ್ರಾವವಿಲ್ಲ, ಏನೂ ಇಲ್ಲ.

ಹೇಗೆ ಹೇಳಲಿ ವನಜ! ಹುಳಿ ವಾಸನೆಯ ನೀರನ್ನು ಹತ್ತಿಯಲ್ಲಿ ಅದ್ದಿ ಒಳಗೆ ಹಚ್ಚಿದರು. "ಉಪ್ಪಿನಕಾಯಿ ಹಾಕ್ತೀರೇನ್ರಮ್ಮ ನನ್ನ?" ಎಂದೆ. "ಒಂದು ನಿಮಿಷ ಸುಮ್ನಿರಿ ಗಂಗಮ್ಮ" ಎಂದು ಕನ್ನಡಿ ಹಿಡಿದು ತೋರಿಸಿದರು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೋಡಿದೆ. ವಿಭೂತಿಯ ಬೆರಳೊತ್ತಿದಂತೆ ಅಲ್ಲೊಂದು ಬಿಳಿ ಕಲೆ ತಾನಾಗಿ ಮೂಡಿತು. ಐವತ್ತು ವರ್ಷ ಹೊತ್ತು ತಿರುಗಿದ ಮೈ, ಅದರೊಳಗನ್ನು ಅವತ್ತೇ ಮೊದಲು ಕಂಡದ್ದು. ಹೆದರಿಕೆಯೇ ಆಗಲಿಲ್ಲ, ಕೈ ಮುಗಿಯುವ ಹಾಗಾಯಿತು.

ಹೆದರಿಕೆ ಆಮೇಲೆ ಬಂತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹದಿನೈದು ದಿನ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತ ಕಾದೆ. ಕ್ಯಾನ್ಸರ್ ಇನ್ನೂ ಆಗಿಲ್ಲ, ಅದಕ್ಕೆ ಮುಂಚಿನದು ಎಂದು ತಿಳಿಯಿತು. ತಣ್ಣನೆಯ ಸಲಾಕೆಯಂಥದ್ದು ಇಟ್ಟು ಕಲೆಯನ್ನು ಹೆಪ್ಪುಗಟ್ಟಿಸಿ ಕೊಂದರು. ಆರು ತಿಂಗಳಿಗೆ ಮತ್ತೆ ತೋರಿಸಬೇಕು. ಇನ್ನೂ ಬಾರದ ರೋಗವನ್ನು ಕಾಣುವ ಕಣ್ಣನ್ನು ಮನುಷ್ಯರಿಗೆ ಶಿವ ಯಾವಾಗ ಕೊಟ್ಟ ಮಾರಾಯ್ತಿ! ಈಗ ಸೋಮವಾರವೂ ಮಾತ್ರೆಯನ್ನು ಲಿಂಗದ ಮುಂದಿಟ್ಟು ಪ್ರಸಾದವೆಂದು ನುಂಗುತ್ತೇನೆ.

ನೀನೂ ಹೋಗಿ ತೋರಿಸು. ನೋವಿಲ್ಲವೆಂದು ಕೂರಬೇಡ. ನೂರು ವರ್ಷ ಬಾಳು.

ನಿನ್ನ ಅಕ್ಕ,
ಗಂಗಾಂಬಿಕೆ

ತಾ.ಕ.: ಒಂದು ಮಾತು ಹೊಟ್ಟೆಯಲ್ಲೇ ಉಳಿದಿದೆ. ನನಗೆ ಮಕ್ಕಳಾಗಲಿಲ್ಲವೆಂದು ನಿನ್ನನ್ನು ನನ್ನ ಗಂಡನಿಗೆ ಎರಡನೆಯವಳಾಗಿ ತಂದವಳು ನಾನೇ. ಒಲ್ಲೆನೆಂದು ಅಳುತ್ತಿದ್ದ ನಿನಗೆ ಈ ಕೈಯಿಂದಲೇ ಹೂ ಮುಡಿಸಿದೆ. ಅವರು ಹೋದರು, ಕಾಯಿಲೆಯನ್ನು ಇಬ್ಬರಿಗೂ ಬಿಟ್ಟು ಹೋದರು. ಶನಿವಾರ ಬೀಬಿ ಜಾನ್ ನಿಮ್ಮ ಬಸರೀಕಟ್ಟೆಗೆ ಬಳೆ ಹೊತ್ತು ಬರುತ್ತಾಳೆ, ಉತ್ತರವನ್ನು ಅವಳ ಕೈಗೆ ಕೊಡು. ಬೈಯುವುದಿದ್ದರೆ ಎರಡು ಹಾಳೆ ತುಂಬ ಬೈ. ಕೊನೆಯಲ್ಲಿ ಆಸ್ಪತ್ರೆಗೆ ಹೋಗುವ ದಿನ ಬರೆ, ನಾನು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ.